ಕತ್ತರಿಯಮ್ಮನ ಮೂರು ಹಲ್ಲು

ಸೊಸೆಯ ವಸಡಿನಲ್ಲಿ ರಕ್ತ ಬರುತ್ತಿದೆ ಅಂತ ಅತ್ತೆಗೆ ಗೊತ್ತಾಗಿದ್ದು ಗಿರಾಕಿಯೊಬ್ಬರ ಬಿಳಿ ಅಂಗಿಯಿಂದ. ಬೀದಿಗೆ ಬಾಗಿಲಿದ್ದ ಒಂದೇ ಕೋಣೆಯ ಹೊಲಿಗೆ ಅಂಗಡಿ ಅವರದು. ಎರಡು ಮಿಷನ್ನು, ಗೋಡೆಗೊತ್ತಿ ಒಂದು ಕಟಿಂಗ್ ಟೇಬಲ್ಲು. ಅತ್ತೆ ಬಟ್ಟೆ ಕತ್ತರಿಸುವುದರಲ್ಲೂ ಮಾತು ಕತ್ತರಿಸುವುದರಲ್ಲೂ ಒಂದೇ ಸಮ ಚುರುಕು. ಹಾಗಾಗಿ ಬೀದಿಯವರ ಬಾಯಲ್ಲಿ ಆಕೆ ಕತ್ತರಿಯಮ್ಮ. ಅವತ್ತು ಐದು ತಿಂಗಳ ಬಸುರಿ ಸೊಸೆ ಅವಸರಕ್ಕೆ ಆ ಅಂಗಿಯ ದಾರವನ್ನು ಹಲ್ಲಲ್ಲಿ ಕಡಿದಳು. ಕಾಲರಿನ ಮೇಲೆ ಕೆಂಪು ಚುಕ್ಕೆ ಮೂಡಿತು.

"ಏನೇ ಇದು? ಬಾಯಿ ತೆಗಿ, ನೋಡೋಣ."

ಮುಂದಿನ ಎರಡು ಹಲ್ಲುಗಳ ನಡುವೆ ವಸಡು ಉಬ್ಬಿ ಬಟಾಣಿ ಕಾಳಿನಷ್ಟು ಗಂಟಾಗಿತ್ತು. ಉಜ್ಜಿದರೆ ರಕ್ತ ಬರುತ್ತೆ ಅಂತ ಸೊಸೆ ಆ ಕಡೆ ಬ್ರಶ್ ಮುಟ್ಟಿಸುವುದನ್ನೇ ಬಿಟ್ಟಿದ್ದಳು.

"ಅಷ್ಟೇನಾ? ನನಗೆ ಮೂರು ಮಕ್ಕಳು, ಮೂರು ಹಲ್ಲು ಹೋಯ್ತು. ಇದು ನಿನ್ನ ಗಂಡಂದು," ಎಂದು ಕತ್ತರಿಯಮ್ಮ ಕೆನ್ನೆ ಎಳೆದು ಕಿಂಡಿ ತೋರಿಸಿದಳು. "ಇದು ನಡುವಿನವನದು. ಈ ದವಡೆ ಹಲ್ಲು ತಿಂದವಳು ನಿನ್ನ ನಾದಿನಿ. ಮಗು ಮೂಳೆಗೆ ಸುಣ್ಣದ ಅಂಶ ಬೇಕಲ್ಲ, ತಾಯಿ ಹಲ್ಲಿಂದ ಎಳ್ಕೊಳುತ್ತೆ."

"ಹೆರಿಗೆ ಆಸ್ಪತ್ರೆ ನರ್ಸು ಹಲ್ಲಿನ ಡಾಕ್ಟರಿಗೆ ತೋರಿಸು ಅಂದಿದಾರೆ ಅತ್ತೆ. ನಾಳೆ ಹೋಗ್ತೀನಿ."

"ಬಸುರಿಗೆ ಸೂಜಿ ಚುಚ್ಚಿದ್ರೆ ಮಗು ಗತಿ ಏನು? ನಾನೂ ಬರ್ತೀನಿ. ಏನಾದ್ರೂ ಎಡವಟ್ಟು ಮಾಡಿದ್ರೆ ಕೈ ಹಿಡಿದು ಎಳಕೊಂಡು ಬಂದುಬಿಡ್ತೀನಿ."

ಮರುದಿನ ಕಂಡ ಹಲ್ಲಿನ ಡಾಕ್ಟರಮ್ಮನಿಗೆ ಇನ್ನೂ ಮೂವತ್ತು ದಾಟಿರಲಿಲ್ಲ. ಸೊಸೆಯನ್ನು ಕುರ್ಚಿಯಲ್ಲಿ ಎಡಕ್ಕೆ ತುಸು ವಾಲಿಸಿ, ಸೊಂಟಕ್ಕೆ ದಿಂಬು ಕೊಟ್ಟು, ಸಣ್ಣ ಕನ್ನಡಿ ಹಿಡಿದು ನೋಡಿದರು.

"ಬಸಿರಲ್ಲಿ ವಸಡು ಸೂಕ್ಷ್ಮ ಆಗುತ್ತೆ. ಹಲ್ಲಿನ ಬುಡದಲ್ಲಿ ಕೊಳೆ ಕೂತ್ರೆ ಬೇಗ ಊದಿಕೊಳ್ಳುತ್ತೆ. ಈ ಗಂಟಿಗೆ ಹೆದರಬೇಡಿ, ಸಾಮಾನ್ಯವಾಗಿ ಹೆರಿಗೆ ಆದ್ಮೇಲೆ ಕರಗುತ್ತೆ. ಇವತ್ತು ಕ್ಲೀನ್ ಮಾಡ್ತೀನಿ. ನೋವಾದ್ರೆ ಮರಗಟ್ಟಿಸೋ ಇಂಜೆಕ್ಷನ್ ಕೊಡಬಹುದು, ಮಗುಗೆ ತೊಂದರೆ ಇಲ್ಲ. ಮನೇಲಿ ಮೆತ್ತನೆ ಬ್ರಶ್ಶಲ್ಲಿ ದಿನಕ್ಕೆರಡು ಸಲ ಉಜ್ಜಿ, ರಕ್ತ ಬಂದ್ರೂ ಬಿಡಬೇಡಿ. ವಾಂತಿ ಆದಾಗ ಮಾತ್ರ ತಕ್ಷಣ ಉಜ್ಜದೆ ನೀರಲ್ಲಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ."

"ಮತ್ತೆ ಮಗು ಹಲ್ಲಿಂದ ಸುಣ್ಣ ಎಳೆಯೋದು?" ಕತ್ತರಿಯಮ್ಮ ಬಾಯಿ ಹಾಕಿದಳು.

"ಹಲ್ಲಿಂದ ಮಗು ಏನೂ ತಗೊಳಲ್ಲಮ್ಮ. ತಾಯಿ ತಿಂದ ಊಟದಿಂದ ತಗೊಳುತ್ತೆ. ಅದು ಸಾಲದಿದ್ರೆ ಮೂಳೆಯಿಂದ."

ಕತ್ತರಿಯಮ್ಮನಿಗೆ ತನ್ನ ಬಸಿರಿನ ದಿನಗಳು ಒಂದೊಂದಾಗಿ ನೆನಪಾದವು. ವಾಕರಿಕೆಗೆ ಅಂತ ಬಾಯಲ್ಲಿ ಸದಾ ಸಕ್ಕರೆ ಮಿಠಾಯಿ. ರಕ್ತ ಕಂಡ ದಿನದಿಂದ ಉಜ್ಜುವುದಕ್ಕೇ ರಜೆ. ಮುಟ್ಟಬೇಡ ಅಂದವರು ಅವಳ ಅತ್ತೆ.

"ಹಾಗಾದ್ರೆ ಆಗ ಉಜ್ಜಿದ್ದಿದ್ರೆ ನನ್ನ ಹಲ್ಲು ಉಳೀತಿತ್ತಾ?"

"ಉಳಿದಿರಬಹುದಿತ್ತು. ನಿಮಗೆ ಹೇಳೋರಿರಲಿಲ್ಲ, ಅಷ್ಟೇ."

ಸೊಸೆಯ ಹಲ್ಲು ಕ್ಲೀನ್ ಮಾಡಿಸಿಕೊಂಡು ಇಬ್ಬರೂ ಬಸ್ಸಿನಲ್ಲಿ ವಾಪಸಾದರು. ಅಂಗಡಿ ಬೀಗ ತೆಗೆದವಳೇ ಕತ್ತರಿಯಮ್ಮ ಮಗಳಿಗೆ ಫೋನ್ ಮಾಡಿದಳು. ಸಿಟ್ಟು ಬಂದಾಗಲೆಲ್ಲ "ಹುಟ್ಟೋಕ್ ಮುಂಚೆನೇ ನನ್ನ ದವಡೆ ತಿಂದೋಳು" ಎಂದು ಅವಳನ್ನು ಇಪ್ಪತ್ತಾರು ವರ್ಷ ಚುಚ್ಚಿ ಚುಚ್ಚಿ ಆಡಿದ್ದಳು.

"ಆ ಹಲ್ಲು ನೀನು ತಿಂದಿದ್ದಲ್ಲ ಕಣೆ. ನಾನೇ ಉಜ್ಜದೆ ಕಳ್ಕೊಂಡಿದ್ದು."

"ಅಮ್ಮಾ, ಹುಷಾರಾಗಿದೀಯ ತಾನೆ?" ಎಂದಳು ಮಗಳು.

"ಆಗಿದೀನಿ. ಇಷ್ಟು ವರ್ಷ ಸುಮ್ನೆ ಅಂದ್ಬಿಟ್ಟೆ."

"ಬಿಡಮ್ಮ, ಅಭ್ಯಾಸ ಆಗೋಗಿದೆ," ಎಂದು ಮಗಳು ನಕ್ಕಳು. ಕತ್ತರಿಯಮ್ಮನಿಗೆ ನಗು ಬರಲಿಲ್ಲ. ಸೆರಗಲ್ಲಿ ಮೂಗು ಒರೆಸಿಕೊಂಡು ಮಿಷನ್ನಿಗೆ ಕೂತಳು.

ಮುಂದಿನ ವಾರ ತನ್ನ ಅಲುಗಾಡುವ ಹಲ್ಲೊಂದನ್ನು ತೋರಿಸಿಕೊಂಡು ಬಂದಳು. ಸೊಸೆಗೆ ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಮೂರನೇ ತಿಂಗಳಿಗೆ ವಸಡಿನ ಗಂಟು ಎಲ್ಲಿತ್ತು ಅಂತ ಹುಡುಕಬೇಕಾಯಿತು. ಈಗ ಬಸುರಿಯರು ರವಿಕೆ ಸಡಿಲ ಮಾಡಿಸಲು ಬಂದರೆ ಕತ್ತರಿಯಮ್ಮ ಅಳತೆಗೆ ಮೊದಲು, "ಹಲ್ಲು ತೋರಿಸಿದ್ಯಾ?" ಎಂದು ಕೇಳುತ್ತಾಳೆ. ಕೆಲವರು ಮುಖ ಗಂಟು ಹಾಕಿಕೊಳ್ಳುತ್ತಾರೆ. ಮೊನ್ನೆ ಒಬ್ಬಳು ಮಾತ್ರ ಡಾಕ್ಟರಮ್ಮನ ನಂಬರು ಬರೆದುಕೊಂಡು ಹೋದಳು.