ಹಸಿರು ಪೆನ್ಸಿಲಿನ ಗುರುತು

ಹಳೆಯ ಪತ್ರಿಕೆಗಳನ್ನು ಸಾರ್ವಜನಿಕರು ಬಂದು ನೋಡಬಹುದು ಎಂದು ಪತ್ರಾಗಾರದ ಬಾಗಿಲ ಮೇಲೆ ದೊಡ್ಡದಾಗಿ ಬರೆದಿದ್ದಾರೆ. ನೋಡಬಹುದು, ನಿಜ. ಮಂಗಳವಾರ ಮತ್ತು ಗುರುವಾರ, ಹನ್ನೊಂದರಿಂದ ಎರಡರವರೆಗೆ, ಅದೂ ಅರ್ಜಿ ಹಾಕಿ ಹದಿನೈದು ದಿನ ಕಾದ ಮೇಲೆ. ಅರ್ಜಿಯಲ್ಲಿ ಉದ್ದೇಶ ಎಂದಿದ್ದ ಕಡೆ ನಾನು ‘ಕುಟುಂಬದ ವಿಷಯ’ ಎಂದು ಬರೆದೆ. ಮೇಜಿನಾಚೆ ಕೂತಿದ್ದ ಗುಮಾಸ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು.

“ಸಂಬಂಧ ತೋರಿಸೋ ದಾಖಲೆ ಬೇಕು ಸಾರ್.”

“ಪೇಪರು ಓದೋಕೂ ಸಂಬಂಧ ತೋರಿಸ್ಬೇಕೇನಮ್ಮಾ? ಐವತ್ತೆಂಟು ವರ್ಷದ ಹಿಂದೆ ಇದನ್ನೇ ಬೀದಿಬೀದಿಲಿ ಕೂಗಿ ಮಾರಿದ್ರು. ಆವಾಗ ಯಾರೂ ನೀನು ಯಾರ ಮಗ ಅಂತ ಕೇಳ್ಲಿಲ್ಲ.”

“ರೂಲ್ಸು ಸಾರ್. ನಾನು ಮಾಡಿದ್ದಲ್ಲ.”

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮೂರು ಸಲ ಚಪ್ಪಲಿ ಸವೆಸಿ, ಅಪ್ಪನ ಮರಣ ಪ್ರಮಾಣಪತ್ರವನ್ನೂ ನನ್ನ ಶಾಲೆಯ ಸರ್ಟಿಫಿಕೇಟನ್ನೂ ತಂದು ಅವಳ ಮುಂದೆ ಕುಕ್ಕಿದೆ. ಹೊಟ್ಟೆ ಉರಿಯಲು ಇನ್ನೊಂದು ಕಾರಣವೂ ಇತ್ತು. ನೋಡಲು ಕೇಳಿದ್ದ ಆ ಪತ್ರಿಕೆಯ ಕಚೇರಿಯ ಲೈಬ್ರರಿಯಲ್ಲೇ ನಾನು ಮೂವತ್ತೊಂದು ವರ್ಷ ದುಡಿದವನು. ಪತ್ರಿಕೆ ಮುಚ್ಚಿದಾಗ ಅಲ್ಲಿನ ಕಾಗದವನ್ನೆಲ್ಲ ಈ ಪತ್ರಾಗಾರಕ್ಕೆ ಒಪ್ಪಿಸಿದರು. ನಾನೇ ಹೊತ್ತು, ನಾನೇ ಧೂಳು ಹೊಡೆದ ಕಟ್ಟುಗಳನ್ನು ನೋಡಲು ಈಗ ನಾನೇ ಚೀಟಿ ಹಿಡಿದು ನಿಂತಿದ್ದೆ.

ಹಾಗೆ ನಿಲ್ಲುವಂತೆ ಮಾಡಿದವಳು ಅಕ್ಕ. ಅವಳಿಗೆ ಎಪ್ಪತ್ತೆರಡು. ಸೊಂಟ ಮುರಿದುಕೊಂಡು ಮಂಚ ಹಿಡಿದ ಮೇಲೆ ಅವಳದು ಒಂದೇ ಜಪ: “ಅಪ್ಪನ ವಿಷಯ ಪೇಪರಲ್ಲಿ ಬಂದಿತ್ತಂತೆ ಕಣೋ, ಅದನ್ನ ಒಂದ್ಸಲ ಓದಿ ಹೇಳೋ. ಕೇಳಿಬಿಟ್ಟು ಹೋಗ್ತೀನಿ.”

ಅಪ್ಪ ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ನನಗೆ ಏಳು ವರ್ಷವಿದ್ದಾಗ ಬಾಯ್ಲರ್ ಸಿಡಿದು ಅಪ್ಪನೂ ಇನ್ನು ನಾಲ್ವರೂ ಸತ್ತರು. ಅಪ್ಪ ಕುಡಿದು ಮಲಗಿದ್ದರಿಂದಲೇ ಹೀಗಾಯಿತು ಎಂದು ಕಾರ್ಖಾನೆಯವರು ಹೇಳಿದರು. ಊರೂ ಹಾಗೇ ಹೇಳಿತು. ಸತ್ತ ನಾಲ್ವರ ಮಕ್ಕಳು ನಮ್ಮ ಬೀದಿಯವರೇ, ನನ್ನ ಶಾಲೆಯವರೇ. ಕುಡುಕನ ಮಗ ಎಂದು ಅವರು ಕರೆದಾಗ ನಾನು ಹೊಡೆದೆ, ಹೊಡೆಸಿಕೊಂಡೆ, ಕೊನೆಗೆ ನಂಬಿದೆ. ನಂಬಿದ ಮೇಲೆ ಮನೆಯಲ್ಲಿ ಅಪ್ಪನ ಸುದ್ದಿ ಎತ್ತಿದರೆ ತಟ್ಟೆ ತಳ್ಳಿ ಎದ್ದು ಹೋಗುತ್ತಿದ್ದೆ. ಹೀಗೆ ನಾಲ್ಕು ಸಲ ಆದ ಮೇಲೆ ಅಮ್ಮ ಎತ್ತುವುದನ್ನೇ ಬಿಟ್ಟಳು.

ಆದರೆ ಸ್ಫೋಟವಾದ ಮೂರು ತಿಂಗಳಿಗೆ ಅಪ್ಪನ ಜೊತೆಗಾರನೊಬ್ಬ ಬಾಗಿಲಲ್ಲಿ ನಿಂತು, “ತನಿಖೆ ಮಾಡಿದ್ರಂತೆ, ನಿಮ್ಮೋರ ತಪ್ಪಿಲ್ಲ ಅಂತ ಪೇಪರಲ್ಲಿ ಬಂದಿದೆ,” ಎಂದು ಹೇಳಿ ಹೋಗಿದ್ದನಂತೆ. ಇದನ್ನು ಅಕ್ಕ ನನಗೆ ಹೇಳಿದ್ದು ಮಂಚ ಹಿಡಿದ ಮೇಲೆಯೇ. ಅವನು ಮರುವಾರವೇ ಊರು ಬಿಟ್ಟ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಅವಳು ಅಂಗಡಿಗೆ ಹೋಗುವಷ್ಟರಲ್ಲಿ ಪೇಪರು ಖಾಲಿ. ತನಿಖೆಯ ಮೂಲ ಕಡತವನ್ನು ಗೆದ್ದಲು ತಿಂದಿದೆ ಎಂದು ಸರ್ಕಾರಿ ಕಚೇರಿಯವರು ನನಗೆ ಬರೆದೇ ಕೊಟ್ಟಿದ್ದಾರೆ. ಉಳಿದದ್ದು ಪತ್ರಿಕೆಯೊಂದೇ.

ಮೂರನೆಯ ಗುರುವಾರ ಅದು ಸಿಕ್ಕಿತು. ನಾಲ್ಕನೆಯ ಪುಟದ ನಡುವೆ ‘ಬಾಯ್ಲರ್ ಸ್ಫೋಟ: ತನಿಖಾ ವರದಿ ಪ್ರಕಟ’ ಎಂಬ ತಲೆಬರಹ. ಅದರ ಕೆಳಗೆ, “ಐವರನ್ನು ಬಲಿ ತೆಗೆದುಕೊಂಡ ದುರಂತದ ಹೊಣೆ ಯಾರದು ಎಂಬುದನ್ನು ಸಮಿತಿಯು ಸ್ಪಷ್ಟವಾಗಿ” ಎಂಬ ಒಂದು ಸಾಲು. ಅದರ ಕೆಳಗೆ ತೂತು. ಅಂಗೈಗಿಂತ ತುಸು ದೊಡ್ಡದಾಗಿ, ಅಂಚು ನೇರವಾಗಿ, ನಾಲ್ಕು ಮೂಲೆಯೂ ಚೊಕ್ಕವಾಗಿ ಕತ್ತರಿಸಿದ್ದರು. ತೂತಿನಲ್ಲಿ ಕೆಳಗಿನ ಪುಟದ ಸೋಪಿನ ಜಾಹೀರಾತು ಕಾಣುತ್ತಿತ್ತು.

ನಾನು ಕೂಗಾಡಿದೆ. “ಯಾವ ಮನೆಹಾಳ ಕತ್ತರಿಸಿದ್ದು ಇದನ್ನ? ನೀವೆಲ್ಲ ಇಲ್ಲಿ ಕೂತು ಏನು ಕಾಯ್ತಾ ಇದ್ದೀರಿ?”

ಗುಮಾಸ್ತೆ ಓಡಿ ಬಂದು ಪುಟ ನೋಡಿದಳು. “ಇದು ನಮ್ಮಲ್ಲಿ ಆಗಿದ್ದಲ್ಲ ಸಾರ್. ಬರುವಾಗಲೇ ಹೀಗಿತ್ತು. ಪತ್ರಿಕೆಯವರೇ ಕತ್ತರಿಸ್ಕೊಂಡಿರೋದು. ನೋಡಿ, ಅಂಚಲ್ಲಿ ಗುರುತಿದೆ.”

ಅಂಚಿನಲ್ಲಿ ಹಸಿರು ಪೆನ್ಸಿಲಿನ ಗುರುತಿತ್ತು. ಕತ್ತರಿಸಿದ ತುಂಡು ಸೇರಿದ ಫೈಲಿನ ಸಂಖ್ಯೆ, ಪಕ್ಕದಲ್ಲಿ ಒಂದು ಟಿಕ್ಕು.

ನಮ್ಮ ಲೈಬ್ರರಿಯಲ್ಲಿ ಕತ್ತರಿಸುವವರು ಮೂವರಿದ್ದೆವು. ಕೆಂಪು ಒಬ್ಬನದು, ನೀಲಿ ಇನ್ನೊಬ್ಬನದು. ಹಸಿರು ನನ್ನದು.

ಕೆಲಸ ಹೀಗಿತ್ತು: ಹಳೆಯ ವರ್ಷಗಳ ಪತ್ರಿಕೆಯಿಂದ ದೊಡ್ಡ ಮನುಷ್ಯರ ಸುದ್ದಿ, ಚಿತ್ರಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ರಟ್ಟಿಗೆ ಅಂಟಿಸಿ, ಅವರವರ ಹೆಸರಿನ ಫೈಲಿಗೆ ಹಾಕಬೇಕು. ಹಳೆಯ ವರ್ಷಗಳದ್ದು ಇದ್ದದ್ದು ಒಂದೊಂದೇ ಪ್ರತಿ. ಆದ್ದರಿಂದ ಕತ್ತರಿಸುವ ಮೊದಲು ಪುಟ ಮಗುಚಿ ಹಿಂಬದಿಯ ಸುದ್ದಿ ಓದಬೇಕು, ಮುಖ್ಯವಾದದ್ದಿದ್ದರೆ ಚೀಟಿಯಲ್ಲಿ ಬರೆದಿಡಬೇಕು, ಓದಿದ್ದೇನೆ ಎಂಬುದಕ್ಕೆ ಅಂಚಿನಲ್ಲಿ ಟಿಕ್ಕು ಹಾಕಬೇಕು. ಕೆಂಪಿನವನೂ ನೀಲಿಯವನೂ ದಿನಕ್ಕೆ ಹದಿನೈದು ಮುಗಿಸುತ್ತಿದ್ದರು. ನಾನು ನಲವತ್ತು. ಬೆಳಿಗ್ಗೆ ಬಂದವನೇ ಅಂದಿನ ನಲವತ್ತು ಪುಟಗಳಿಗೂ ಸಾಲಾಗಿ ಟಿಕ್ಕು ಹಾಕಿಬಿಡುತ್ತಿದ್ದೆ. ಆಮೇಲೆ ಬ್ಲೇಡು ಮಾತ್ರ. ಕಚೇರಿಯಲ್ಲಿ ಎಲ್ಲರೂ ನನ್ನನ್ನು ಬ್ಲೇಡು ಎಂದೇ ಕರೆಯುತ್ತಿದ್ದರು. ನನಗೆ ಅದು ಬಿರುದಿನ ಹಾಗೆ ಕೇಳುತ್ತಿತ್ತು.

ನನ್ನ ದನಿ ಇಳಿಯಿತು. “ಈ ನಂಬರಿನ ಫೈಲು ತಂದುಕೊಡಮ್ಮಾ.”

ಅವಳು ಅರ್ಜಿ ಕೇಳಲಿಲ್ಲ. ನನ್ನ ಮುಖ ನೋಡಿ ಹೆದರಿರಬೇಕು. ಫೈಲು ಒಬ್ಬ ನಗರಾಧ್ಯಕ್ಷರದು. ಒಳಗೆ ರಟ್ಟಿನ ಮೇಲೆ ಆ ತುಂಡು ಹಾಗೇ ಇತ್ತು. ನಗರಾಧ್ಯಕ್ಷರು ಹಾರ ಹಾಕಿಕೊಂಡು, ಹಲ್ಲು ಬಿಟ್ಟುಕೊಂಡು, ಸಾರ್ವಜನಿಕ ಶೌಚಾಲಯವೊಂದರ ಟೇಪು ಕತ್ತರಿಸುತ್ತಿದ್ದರು. ಫೈಲಿನ ಮೊದಲ ಹಾಳೆಯಲ್ಲಿ ಅದನ್ನು ಯಾರು ಯಾವಾಗ ತೆಗೆಸಿ ನೋಡಿದರು ಎಂದು ಬರೆಯಲು ಗೆರೆ ಎಳೆದಿತ್ತು. ಒಂದು ಹೆಸರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಆ ಫೈಲನ್ನು ಕೇಳಿದ ಮೊದಲನೆಯವನು ನಾನೇ.

ನಗರಾಧ್ಯಕ್ಷರ ಬೆನ್ನಿಗೆ ಅಪ್ಪ ಇದ್ದ. ಗುಮಾಸ್ತೆ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದಕ್ಷರ ಕಾಣಲಿಲ್ಲ. ಒಳಗಿನಿಂದ ಕಾಗದ ರಿಪೇರಿ ಮಾಡುವವನನ್ನು ಕರೆಸಿದಳು. ಅವನು ಉಗುರಿನಿಂದ ಮೂಲೆ ಎಬ್ಬಿಸಲು ನೋಡಿದ, ಹಬೆ ಕೊಟ್ಟು ನೋಡಿದ, ಕೊನೆಗೆ ತಲೆಯಾಡಿಸಿದ.

“ಆಗಲ್ಲ ಯಜಮಾನ್ರೇ. ಎಳೆದ್ರೆ ಹಿಂದಿನ ಅಕ್ಷರ ರಟ್ಟಿನಲ್ಲೇ ಪುಡಿಯಾಗುತ್ತೆ. ಬೇರೆಯವರು ಅಂಟಿಸಿದ್ದು ಮುಟ್ಟಿದ್ರೆ ಎದ್ದು ಬರುತ್ತೆ. ಇದ್ಯಾರೋ ಶ್ರದ್ಧೆಯಿಂದ ಅಂಟಿಸಿದಾರೆ.”

ಸರೇಸಿನ ಅಂಟನ್ನು ಎರಡು ಸಲ ಸೋಸಿ, ತೆಳ್ಳಗೆ ಬಳಿದು, ಮೇಲೆ ಭಾರವಿಟ್ಟು ಅಂಟಿಸುತ್ತಿದ್ದವನು ನಾನು. ಹಿಂಬದಿ ಓದಲು ನನಗೆ ಪುರುಸೊತ್ತಿರಲಿಲ್ಲ, ಅದನ್ನು ಮುಚ್ಚಲು ಮಾತ್ರ ಬೇಕಾದಷ್ಟಿತ್ತು.

ಮನೆಗೆ ಬಂದಾಗ ಅಕ್ಕ ದಿಂಬಿಗೊರಗಿ ಕೂತಿದ್ದಳು. ತಲೆ ಬಾಚಿಸಿಕೊಂಡಿದ್ದಳು. ಸುಳ್ಳು ಹೇಳಬಹುದಿತ್ತು, ದಾರಿಯುದ್ದಕ್ಕೂ ಒಂದನ್ನು ಹೊಂದಿಸಿಕೊಂಡೇ ಬಂದಿದ್ದೆ. ಅವಳ ಕಣ್ಣು ನೋಡಿದ ಮೇಲೆ ಬಾಯಿಗೆ ಬಂದದ್ದು ನಿಜವೇ. ತೂತು, ಹಸಿರು ಗುರುತು, ಟಿಕ್ಕು, ಅಂಟು, ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಕೇಳಿದ್ದು ಬೇರೆಯೇ. “ನಿನ್ನ ಆ ಕೆಲಸಕ್ಕೆ ಸೇರಿಸಿದ್ದು ಯಾರು ಗೊತ್ತಾ?”

“ಅಮ್ಮ. ಸಂಪಾದಕರ ಮನೆಯಲ್ಲಿ ಪಾತ್ರೆ ತೊಳೀತಿದ್ಲಲ್ಲ, ಅವರನ್ನ ಕೇಳಿ.”

“ಕೇಳಿದ್ದಲ್ಲ, ಕಾಲು ಹಿಡಿದಿದ್ದು. ಪ್ರೆಸ್ಸಲ್ಲಿ ಸಂಬಳ ಜಾಸ್ತಿ, ಅಲ್ಲಿಗೆ ಹಾಕ್ತೀನಿ ಅಂದ್ರು ಅವರು. ಬೇಡ, ಹಳೇ ಪೇಪರು ಇಟ್ಟಿರೋ ಕಡೆಗೇ ಹಾಕಿ ಅಂದ್ಲು. ನಿನಗೆ ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ, ತಟ್ಟೆ ತಳ್ತಿದ್ದೆ. ಓದು ಬರೋ ಮಗ, ಅಲ್ಲೇ ಕೂತಿರ್ತಾನೆ, ಒಂದಲ್ಲ ಒಂದು ದಿನ ಅವನ ಕಣ್ಣಿಗೇ ಬೀಳುತ್ತೆ ಅಂದ್ಕೊಂಡ್ಲು.”

ಅಮ್ಮ ಸಾಯುವವರೆಗೂ ಪ್ರತಿ ಸಂಜೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ: “ಇವತ್ತು ಏನು ಓದಿದ್ಯೋ?”

ನನ್ನ ಉತ್ತರವೂ ಒಂದೇ ಆಗಿತ್ತು. “ಓದೋಕಲ್ಲಮ್ಮಾ ಅವರು ಸಂಬಳ ಕೊಡೋದು. ಕತ್ತರಿಸೋಕೆ.”