ನಾಲ್ಕು ಬಣ್ಣದ ಹಿಂಡು

ಮೇದು ಬಂದ ತಾಯಿಕುರಿಗಳಿಗೆ ಕಾಳಕ್ಕ ಮರಿಗಳನ್ನು ಹಾಲು ಕುಡಿಯಲು ಕೂಡಿಸುತ್ತಿದ್ದಳು. ಒಂದೊಂದು ಮರಿಯ ತಾಯಿಗೂ ಮೊದಲು ಹಿಂಡೆಲ್ಲ ಹುಡುಕಬೇಕಿತ್ತು. ಈ ವರ್ಷ ಹಿಂಡು ಇಮ್ಮಡಿಯಾದಾಗ, ಮರಿಗಳೂ ಎರಡರಷ್ಟು, ಪ್ರತಿ ಮರಿಗೆ ಹುಡುಕಬೇಕಾದ ಕುರಿಗಳೂ ಎರಡರಷ್ಟಾಗಿ, ಕೆಲಸ ನಾಲ್ಮಡಿಯಾಗಿತ್ತು. "ಮಗಳ ಕಾಲೇಜು ಬಿಡ್ಸು, ಕೈಗೆ ಆಗ್ತಾಳೆ" ಎಂದು ಗಂಡ ಬೀರಪ್ಪ ಹಟ ಹಿಡಿದಿದ್ದ. ಅದಕ್ಕೇ ಕಾಳಕ್ಕ ತಾಯಿಗೂ ಮರಿಗೂ ಒಂದೇ ಬಣ್ಣ ಹಚ್ಚಿ, ಕೆಮ್ಮಣ್ಣು, ಅರಿಶಿನ, ನೀಲಿ, ಮಸಿ ಎಂದು ನಾಲ್ಕು ದೊಡ್ಡಿ ಮಾಡಿದ್ದಳು.

"ಕುರಿಗೆ ಓಕುಳಿ ಆಡ್ಸಿದ್ಯೇನಲೇ?" ಬೀರಪ್ಪ ಅಣಕಿಸಿದ.

ಆದರೆ ಹೋದ ವರ್ಷದಷ್ಟೇ ಹೊತ್ತಿಗೆ ಕೆಲಸ ಮುಗಿಯಿತು. ಸಿರಿಗೆರೆಯ ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಕುಣಿದಾಡಿದಳು. "ಅವ್ವಾ, ಕಂಪ್ಯೂಟರ್ ಕ್ಲಾಸಲ್ಲಿ ಮೇಷ್ಟ್ರು ಹೇಳಿದ್ದೂ ಇದನ್ನೇ! ಗುಂಪು ಮಾಡಿಟ್ರೆ ಹುಡುಕಾಟ ಕಮ್ಮಿ ಆಗ್ತೈತೆ."

ಕಾಳಕ್ಕನ ಎದೆ ಉಬ್ಬಿತು. ಹಿಂಡು ಎಷ್ಟೇ ಬೆಳೆಯಲಿ, ಇನ್ನೊಂದು ಬಣ್ಣ ಕಲಸುವೆನೇ ಹೊರತು ಮಗಳನ್ನು ಕಾಲೇಜು ಬಿಡಿಸೆನು ಎಂದು ಮನಸ್ಸಿನಲ್ಲೇ ನಿಶ್ಚಯಿಸಿ, ದೊಡ್ಡಿಯ ಬಾಗಿಲು ಎಳೆದಳು.