ಅಕ್ಕಿಯೊಳಗಿನ ಫೋನು

"ಹುಟ್ಟು ಎಂತಕ್ಕೆ ಮಾರಾಯ್ರೆ? ನಮ್ಮ ಊರಲ್ಲಿ ಜಲ್ಲೆ ಊರಿ ತಳ್ಳುದು!"

ಹಾಗೆಂದು ರಾಝಿಕ್ ದೋಣಿಯಲ್ಲಿ ಎದ್ದು ನಿಂತಾಗಲೇ ಹಿಂದೆ ಕೂತಿದ್ದ ಹರಿಣಾಕ್ಷಿಗೆ ಅನುಮಾನ ಬಂದಿತ್ತು. ಜಲ್ಲೆಯೆಂದು ಅವನು ಹಿಡಿದದ್ದು ಡೇರೆಯ ನಡುಗಂಬವನ್ನು. ಅರಬ್ ಮರುಭೂಮಿಯ ಈ ಅಸ್ಫರ್ ಕೆರೆಯ ತಳದಲ್ಲಿ ನೇತ್ರಾವತಿಯ ಮರಳಿರಲಿಲ್ಲ, ಕೆಸರಿತ್ತು. ಕಂಬ ಕಚ್ಚಿಕೊಂಡಿತು. ರಾಝಿಕ್ ಕಂಬವನ್ನು ಬಿಡಲಿಲ್ಲ. ದೋಣಿ ಮಾತ್ರ ಮುಂದೆ ಹೋಯಿತು. ಅವನು ಒಂದು ಗಳಿಗೆ ಕಂಬಕ್ಕೆ ಜೋತುಬಿದ್ದು, ಆಮೇಲೆ ಧೊಪ್ಪನೆ ನೀರಿಗೆ ಬಿದ್ದ. ವಾಲಿದ ದೋಣಿ ಹರಿಣಾಕ್ಷಿಯನ್ನೂ ಸೊಂಟದಷ್ಟು ನೀರಿಗೆ ಇಳಿಸಿತು.

ದಡದಲ್ಲಿ ಕೊಡೆ ಹಿಡಿದು ಕೂತಿದ್ದ ಲಿಂಗರಾಜು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಬ್ಕೈಕಿನ ತೈಲ ಘಟಕದಲ್ಲಿ ಇಂಜಿನಿಯರ್ ಆಗಿರುವ ಅವರು ಮಂಡ್ಯದ ಕಡೆಯವರು. ನೀರೆಂದರೆ ಕಾಲುವೆಯ ಅಂಚಿನಲ್ಲಿ ನಿಂತು ನೋಡುವಂಥದ್ದು ಎಂದು ನಂಬಿದವರು.

"ಏನ್ರೀ ರಾಝಿಕ್, ಬಾವುಟ ನೆಟ್ರಾ? ಇನ್ಮೇಲೆ ಕೆರೆ ನಿಮ್ದೇ ಬಿಡಿ!"

ನಗುತ್ತಲೇ ದಡಕ್ಕೆ ಬಂದ ಹರಿಣಾಕ್ಷಿ ಜೇಬಿನಿಂದ ಫೋನ್ ತೆಗೆದಳು. ಪರದೆ ಕಪ್ಪಾಗಿತ್ತು. ಅವಳ ನಗು ನಿಂತಿತು.

ಥುಕ್ಬಾದ ಖಾಸಗಿ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿದ್ದ ಅವಳಿಗೆ ಎಷ್ಟೋ ವಾರಗಳ ನಂತರ ಸಿಕ್ಕಿದ ರಜೆ ಇದು. ಬೆಳಿಗ್ಗೆ ಹಸಾದ ಈ ಕೆರೆಗೆ ಬರುವ ದಾರಿಯಲ್ಲಿರುವಾಗಲೇ ಸೂಪರ್‌ವೈಸರಳ ಸಂದೇಶ ಬಂದಿತ್ತು: ಸಂಜೆ ಡ್ಯೂಟಿಗೆ ಬಾ, ಬಾರದಿದ್ದರೆ ಡಿಸೆಂಬರಿನ ರಜೆ ಮರೆತುಬಿಡು. ಡಿಸೆಂಬರಿನಲ್ಲಿ ಬಂಟ್ವಾಳದಲ್ಲಿ ಅವಳ ಮಗಳು ಮೊದಲ ಸಲ ಯಕ್ಷಗಾನದ ವೇಷ ಹಾಕುವವಳಿದ್ದಳು. ಮಂಜೂರಾದ ರಜೆಯದು. ಆದರೆ ಕ್ಲಿನಿಕ್ಕಿನಲ್ಲಿ ರಜೆಯನ್ನು ಹಕ್ಕೆಂದು ಕೊಡುತ್ತಿರಲಿಲ್ಲ. ಮಗುವಿಗೆ ಮಿಠಾಯಿ ತೋರಿಸಿದಂತೆ ತೋರಿಸಿ, ಬೇಕಾದಷ್ಟು ಓಡಿಸಿ, ಮತ್ತೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹರಿಣಾಕ್ಷಿ ಉತ್ತರ ಕೊಟ್ಟಿರಲಿಲ್ಲ. ಇಲ್ಲವೆನ್ನುವ ಅಭ್ಯಾಸ ಅವಳಿಗಿರಲಿಲ್ಲ.

"ಅಕ್ಕಿಗೆ ಹಾಕು, ಒಣಗ್ತದೆ," ಎಂದು ರಾಝಿಕ್‌ನ ಹೆಂಡತಿ ಮುಹ್ಸಿನಾ ಗಂಜಿಗೆ ತಂದ ಅಕ್ಕಿಯ ಚೀಲ ಬಿಚ್ಚಿದಳು. ಅವಳೂ ಅದೇ ಕ್ಲಿನಿಕ್ಕಿನ ಲ್ಯಾಬಿನಲ್ಲಿದ್ದಳು.

"ಕುಚ್ಚಲಕ್ಕಿ ಆಗ್ತದಾ? ಬಿಳಿ ಬೆಳ್ತಿಗೆ ಅಕ್ಕಿಯೇ ಆಗ್ಬೇಕಾ?" ರಾಝಿಕ್ ತಲೆ ಒರೆಸಿಕೊಳ್ಳುತ್ತ ಕೇಳಿದ.

"ನೀವು ಸುಮ್ಮನೆ ಕೂತ್ಕೊಳ್ಳಿ. ಡೇರೆಯ ಕಂಬವನ್ನೇ ಕೆರೆಗೆ ಕೊಟ್ಟು ಬಂದಿದ್ದೀರಿ."

ಮಳೆ ಜೋರಾಯಿತು. ನವೆಂಬರಿನ ಮಳೆ, ಬಿದ್ದ ಕಡೆಯೆಲ್ಲ ಮರಳಿನ ಬಣ್ಣ ಗಾಢವಾಗುತ್ತಿತ್ತು. ಮಡಚಿಬಿದ್ದ ಡೇರೆಯನ್ನು ಕಾರಿನ ಮೇಲಿಂದ ದೋಣಿಯವರೆಗೆ ಎಳೆದು ಕಟ್ಟಿ ನಾಲ್ವರೂ ಅದರಡಿ ಬಾಗಿ ಕೂತರು. ಆಚೆ ದಿಬ್ಬದ ಮೇಲೆ ಯಾರದೋ ಮಕ್ಕಳು ಮಳೆಯಲ್ಲಿ ಬೇಕೆಂದೇ ನೆನೆಯುತ್ತ ಕಿರುಚುತ್ತಿದ್ದವು. ಸ್ಟವ್ ಮೇಲಿನ ನೀರು ಕುದಿ ಬರುವ ಹೊತ್ತಿಗೆ ಅಕ್ಕಿಯ ಚೀಲ ಗುರ್ರೆಂದಿತು.

"ಅಕ್ಕಿ ಬೆಂದೋಯ್ತು ಕಣ್ರಪ್ಪೋ!" ಎಂದರು ಲಿಂಗರಾಜು. "ಸದ್ದು ಮಾಡ್ತಾ ಐತೆ!"

ಯಾರ ಕರೆಯೆಂದು ನಾಲ್ವರಿಗೂ ಗೊತ್ತಿತ್ತು.

"ತೆಗೀಬೇಡ," ಮುಹ್ಸಿನಾ ಹರಿಣಾಕ್ಷಿಯ ಕೈ ಹಿಡಿದಳು. "ಫೋನ್ ನೀರಿಗೆ ಬಿತ್ತು ಅಂತ ನಾಳೆ ಹೇಳು. ಸುಳ್ಳೂ ಅಲ್ಲ. ಸಾಕ್ಷಿಗೆ ನನ್ನ ಗಂಡನ ಕಂಬ ಉಂಟಲ್ಲ."

ಹರಿಣಾಕ್ಷಿಗೂ ನಗು ಬಂತು. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

"ರಜೆಯ ದಿನ ರಜೆಯಲ್ಲಿರ್ಲಿಕ್ಕೂ ನೆಪ ಬೇಕಾ ಮುಹ್ಸಿನಾ?" ಎಂದವಳೇ ಚೀಲಕ್ಕೆ ಕೈ ಹಾಕಿದಳು.

ಅವಳು ಹಿಂದಿಯಲ್ಲಿ ಮಾತಾಡಿದಳು, ನಿಧಾನವಾಗಿ. "ಇಲ್ಲ ಮೇಡಂ, ಹುಷಾರಾಗಿದ್ದೇನೆ. ಕಾರೂ ಇದೆ. ಇವತ್ತು ನನ್ನ ರಜೆ, ಅದಕ್ಕೆ ಬರುವುದಿಲ್ಲ." ಆ ಕಡೆಯ ದನಿ ಏರಿದ್ದು ಮಳೆಯ ಸದ್ದಿನಲ್ಲೂ ಎಲ್ಲರಿಗೂ ಕೇಳಿತು. "ಡಿಸೆಂಬರಿನದಕ್ಕೆ ನೀವೇ ಒಪ್ಪಿದ್ದೀರಿ. ಊರಿಗೆ ಹೋಗುತ್ತೇನೆ."

ಅವಳು ಫೋನ್ ಕೆಳಗಿಟ್ಟಳು. ಕೆನ್ನೆಗೆ ಎರಡು ಕಾಳು ಕೆಂಪಕ್ಕಿ ಅಂಟಿತ್ತು.

ಲಿಂಗರಾಜು ಮೆಲ್ಲಗೆ ಕೆಮ್ಮಿದರು. "ಸಿಸ್ಟ್ರೇ, ಗಂಜಿಗೆ ಆ ಎರಡು ಕಾಳೂ ಬೇಕು. ಲೆಕ್ಕಕ್ಕೆ ಕಮ್ಮಿ ಬಿದ್ದಾವು."

ಹರಿಣಾಕ್ಷಿ ಕೆನ್ನೆ ಒರೆಸಿಕೊಂಡು ನಕ್ಕಳು. ನಗು ಕೊನೆಯಲ್ಲಿ ಸ್ವಲ್ಪ ಒಡೆಯಿತು. ಮುಹ್ಸಿನಾ ಅಕ್ಕಿ ತೊಳೆದು ನೀರಿಗೆ ಸುರಿದಳು. "ಬೇಯುವಷ್ಟರಲ್ಲಿ ಒಂದು ಸುತ್ತು ಹೋಗಿ ಬರುವ," ಎಂದಳು.

"ನಾನೂ ಬರ್ತೇನೆ," ಎಂದ ರಾಝಿಕ್.

"ನೀವು ಗಂಜಿ ತಿರುಗಿಸಿ."

ಹೆಂಗಸರಿಬ್ಬರೂ ಡೇರೆಯ ಕಟ್ಟು ಬಿಚ್ಚಿ, ಒಂದೊಂದು ಹುಟ್ಟು ಹಿಡಿದು ದೋಣಿ ಹತ್ತಿದರು. ಡೇರೆಯ ಒಂದು ಬದಿ ಕುಸಿದು, ಗಂಡಸರಿಬ್ಬರೂ ಅದನ್ನು ತಲೆಯ ಮೇಲೆ ಹೊತ್ತು ನಿಂತರು. ಮಳೆ ಈಗ ತೆಳುವಾಗಿತ್ತು. ಜೊಂಡಿನ ಸಂದಿಯಿಂದ ದೋಣಿ ಅಗಲ ನೀರಿಗೆ ಬಂದಾಗ ಕಂಬ ಎದುರಾಯಿತು. ಕೀಳಲೆಂದು ಮುಹ್ಸಿನಾ ಕೈ ಚಾಚಿದಳು.

"ಇರ್ಲಿ ಬಿಡು," ಎಂದಳು ಹರಿಣಾಕ್ಷಿ.

ಕಂಬದ ತುದಿಯಲ್ಲಿ ನೀರುಕಾಗೆಯೊಂದು ಬಂದು ಕೂತಿತ್ತು. ದೋಣಿ ಅಷ್ಟು ಹತ್ತಿರದಿಂದ ಹಾದುಹೋದರೂ ಅದು ಹಾರಲಿಲ್ಲ. ಮಳೆಯಲ್ಲೇ ಎರಡೂ ರೆಕ್ಕೆ ಬಿಚ್ಚಿ ಒಣಗಲು ಹರಡಿಕೊಂಡಿತು.